ಯೋನಿ ಪುನರ್‌ರಚನಾ ಶಸ್ತ್ರಚಿಕಿತ್ಸೆ: ಹೆಂಗಸರು ಕೇಳುವ, ಕೇಳಲು ಹಿಂಜರಿಯುವ ಪ್ರಶ್ನೆಗಳು

ಇದು ಸೌಂದರ್ಯಕ್ಕಾಗಿ ಮಾಡಿಸಿಕೊಳ್ಳುವ ಆಪರೇಷನ್ನೇ?

ಬಹುಪಾಲು ಅಲ್ಲ. 'ಬಿಗಿ ಮಾಡಿಕೊಡುತ್ತೇವೆ' ಎಂಬ ಜಾಹೀರಾತುಗಳು ಮೊಬೈಲ್ ತುಂಬ ಬರುತ್ತಿರುವಾಗ ಹಾಗೆ ತಿಳಿದವರನ್ನು ದೂರಿ ಫಲವಿಲ್ಲ. ಆದರೆ ಸ್ತ್ರೀರೋಗ ವಿಭಾಗದ ಥಿಯೇಟರಿನಲ್ಲಿ ಈ ಹೆಸರಿನಡಿ ನಡೆಯುವುದು ಮುಖ್ಯವಾಗಿ ದುರಸ್ತಿಯ ಕೆಲಸ. ಹೆರಿಗೆಯಲ್ಲಿ ಹರಿದದ್ದು, ವರ್ಷಗಟ್ಟಲೆ ಭಾರ ಹೊತ್ತು ಸಡಿಲಗೊಂಡದ್ದು, ಕ್ಯಾನ್ಸರ್ ಚಿಕಿತ್ಸೆಯಲ್ಲಿ ಹೋದದ್ದು, ಹುಟ್ಟುವ ಮೊದಲೇ ಬೆಳೆಯದೆ ಉಳಿದದ್ದು ಎಲ್ಲವೂ ಇದರಲ್ಲಿ ಸೇರುತ್ತವೆ. ಮೂತ್ರ ತಡೆದುಕೊಳ್ಳಲು, ಸರಾಗವಾಗಿ ಮಲವಿಸರ್ಜಿಸಲು, ನಿಶ್ಚಿಂತೆಯಿಂದ ಕುಳಿತು ಏಳಲು, ದಾಂಪತ್ಯ ನಡೆಸಲು ಆಗದವರು ಇದಕ್ಕಾಗಿ ಬರುತ್ತಾರೆ. ನಮ್ಮ ಕಡೆ ಇವರಲ್ಲಿ ಹೆಚ್ಚಿನವರದ್ದು ಗರ್ಭಕೋಶ ಜಾರಿದ ತೊಂದರೆ. ಆದ್ದರಿಂದ ಮೊದಲು ಅದನ್ನೇ ವಿವರವಾಗಿ ನೋಡೋಣ.

ಗರ್ಭಕೋಶ ಜಾರುವುದು ಎಂದರೇನು? ಬರೀ ಗರ್ಭಕೋಶವೇ ಜಾರುತ್ತದೆಯೇ?

ಕಿಬ್ಬೊಟ್ಟೆಯ ತಳದಲ್ಲಿ ಮೂಳೆಯಿಂದ ಮೂಳೆಗೆ ಸ್ನಾಯುಗಳ ಒಂದು ಪದರ ಹರಡಿಕೊಂಡಿದೆ. ಕೂಸನ್ನು ಮಲಗಿಸುವ ಸೀರೆಯ ಜೋಲಿಯಂತೆ ಅದು ಮುಂದೆ ಮೂತ್ರಕೋಶವನ್ನು, ನಡುವೆ ಗರ್ಭಕೋಶ ಮತ್ತು ಯೋನಿಯನ್ನು, ಹಿಂದೆ ಗುದನಾಳವನ್ನು ಹೊತ್ತಿರುತ್ತದೆ. ಮೇಲಿನಿಂದ ಅಂಟುಗಟ್ಟುಗಳು (ಲಿಗಮೆಂಟ್) ಗರ್ಭಕೋಶವನ್ನು ಎಳೆದು ಹಿಡಿದಿರುತ್ತವೆ. ಹೆರಿಗೆಯ ಹೊತ್ತಿನಲ್ಲಿ ಈ ಪದರ ಅಪಾರವಾಗಿ ಹಿಗ್ಗುತ್ತದೆ, ಕೆಲವೊಮ್ಮೆ ಮೂಳೆಗೆ ಅಂಟಿದ ಜಾಗದಿಂದಲೇ ಕಿತ್ತುಬರುತ್ತದೆ. ಆ ವಯಸ್ಸಿನಲ್ಲಿ ಅದು ಗೊತ್ತಾಗದಿರಬಹುದು. ಮುಟ್ಟು ನಿಂತ ಮೇಲೆ ಈಸ್ಟ್ರೋಜೆನ್ ಎಂಬ ಸ್ತ್ರೀ ಹಾರ್ಮೋನ್ ಕಡಿಮೆಯಾಗಿ ಅಂಗಾಂಶ ತೆಳ್ಳಗಾಗುತ್ತದೆ. ಇಪ್ಪತ್ತೈದರಲ್ಲಿ ಆದ ಗಾಯ ಐವತ್ತೈದರಲ್ಲಿ ಕಾಣಿಸಿಕೊಳ್ಳುವುದು ಹೀಗೆ.

ಹೆಚ್ಚಾಗಿ ಮೊದಲು ಇಳಿಯುವುದು ಯೋನಿಯ ಮುಂಭಾಗದ ಗೋಡೆ. ಅದರ ಬೆನ್ನಿಗೇ ಮೂತ್ರಕೋಶವೂ ಇಳಿಯುತ್ತದೆ. ಹಿಂಭಾಗದ ಗೋಡೆ ಸಡಿಲವಾದರೆ ಗುದನಾಳ ಉಬ್ಬಿ ಬರುತ್ತದೆ. ಗರ್ಭಕೋಶ ತೆಗೆಸಿಕೊಂಡವರಲ್ಲಿ ಯೋನಿಯ ಮೇಲ್ತುದಿಯೇ ಜಾರಬಹುದು. ಒಬ್ಬರಲ್ಲೇ ಇವುಗಳಲ್ಲಿ ಎರಡು ಮೂರು ಒಟ್ಟಿಗೆ ಇರುವುದು ಅಪರೂಪವೇನಲ್ಲ. 'ಗರ್ಭಕೋಶ ಜಾರಿದೆ' ಎಂಬ ಒಂದೇ ಮಾತಿನಲ್ಲಿ ರೋಗ ತೀರ್ಮಾನವಾಗುವುದಿಲ್ಲ. ಎಲ್ಲಿ, ಎಷ್ಟು ಎಂಬುದು ಮುಖ್ಯ. ಪರೀಕ್ಷೆಯಲ್ಲಿ ಕೆಮ್ಮಲು, ಮುಕ್ಕಲು ಹೇಳಿ, ಯೋನಿಯ ಬಾಯಿಂದ ಒಳಗೆ ಅಥವಾ ಹೊರಗೆ ಎಷ್ಟು ಸೆಂಟಿಮೀಟರ್ ಇಳಿದಿದೆ ಎಂದು ಅಳೆಯುತ್ತಾರೆ. ಅದರ ಮೇಲೆ ಒಂದರಿಂದ ನಾಲ್ಕರವರೆಗೆ ಹಂತ ನಿಗದಿಯಾಗುತ್ತದೆ.

ನಮ್ಮ ಅಮ್ಮ ಡಾಕ್ಟರ ಹತ್ತಿರ ಸೊಂಟ ನೋವು ಎಂದಷ್ಟೇ ಹೇಳುತ್ತಾರೆ. ಬೇರೇನೋ ಇದೆ ಎಂದು ಗೊತ್ತಾಗುವುದು ಹೇಗೆ?

ಬೆಳಿಗ್ಗೆ ಎದ್ದಾಗ ಹಗುರವಾಗಿದ್ದು, ಸಂಜೆಯ ಹೊತ್ತಿಗೆ ಕಿಬ್ಬೊಟ್ಟೆ ಕೆಳಕ್ಕೆ ಜಗ್ಗಿದಂತಾಗಿ, ಮಲಗಿದರೆ ಕಡಿಮೆಯಾಗುವುದು ಒಂದು ಮುಖ್ಯ ಸುಳಿವು. ತೊಳೆದುಕೊಳ್ಳುವಾಗ ಕೈಗೆ ಮೆತ್ತನೆಯ ಗಡ್ಡೆಯಂಥದ್ದು ಸಿಗುತ್ತದೆ. ಮೂತ್ರ ಪೂರ್ತಿ ಖಾಲಿಯಾದಂತೆ ಅನ್ನಿಸುವುದಿಲ್ಲ. ಎಷ್ಟೋ ಹೆಂಗಸರು ಬೆರಳಿನಿಂದ ಅದನ್ನು ಒಳಗೆ ತಳ್ಳಿ ಹಿಡಿದುಕೊಂಡೇ ಮೂತ್ರ ಮಾಡುತ್ತಾರೆ. ಅದನ್ನು ಮಗಳಿಗೂ ಹೇಳಿರುವುದಿಲ್ಲ. ಹೊರಬಂದ ಭಾಗ ಲಂಗಕ್ಕೆ ಉಜ್ಜಿ ಹುಣ್ಣಾಗಿ ರಕ್ತ ಕಾಣಿಸಬಹುದು.

ಮನೆಯವರ ಕಣ್ಣಿಗೆ ಬೀಳುವ ಗುರುತುಗಳು ಬೇರೆ. ದೂರದ ಬಸ್ ಪ್ರಯಾಣ ಬೇಡವೆನ್ನುವುದು, ಮದುವೆಮನೆಗೆ ಹೊರಡುವ ದಿನ ನೀರು ಕುಡಿಯದಿರುವುದು, ಹಳೆಯ ಸೀರೆಯನ್ನು ಹರಿದು ಮಡಿಸಿ ಇಟ್ಟುಕೊಳ್ಳುವುದು, ಕೆಮ್ಮು ಬಂದಾಗ ತಟ್ಟನೆ ತೊಡೆ ಸೇರಿಸಿ ನಿಲ್ಲುವುದು. 'ವಯಸ್ಸಾಯಿತಲ್ಲ' ಎಂದು ಅವರೇ ಸಮಾಧಾನ ಹೇಳಿದರೂ ಒಪ್ಪಬೇಡಿ. ಡಾಕ್ಟರ ಕೋಣೆಗೆ ಜೊತೆಯಲ್ಲಿ ಹೋಗುವುದಾದರೆ ಗಂಡುಮಕ್ಕಳು ಹೊರಗಿರಲಿ. ಅಷ್ಟರಿಂದಲೇ ಅರ್ಧ ವಿಷಯ ಹೊರಬರುತ್ತದೆ.

ಇದಕ್ಕೆ ಕಾರಣಗಳು?

ಯೋನಿಯ ಮೂಲಕ ಆದ ಹೆರಿಗೆಗಳು, ಅದರಲ್ಲೂ ದೀರ್ಘವಾಗಿ ಎಳೆದ ಹೆರಿಗೆ, ದೊಡ್ಡ ಮಗು, ಇಕ್ಕಳ ಹಾಕಿ ತೆಗೆದದ್ದು ಮೊದಲ ಸಾಲಿನಲ್ಲಿ ಬರುತ್ತವೆ. ಬಳಿಕ ವಯಸ್ಸು, ಸ್ಥೂಲಕಾಯ, ವರ್ಷಾನುಗಟ್ಟಲೆಯ ಕೆಮ್ಮು, ಮಲಬದ್ಧತೆ. ಹುಟ್ಟಿನಿಂದಲೇ ಅಂಗಾಂಶ ದುರ್ಬಲವಾಗಿರುವ ಕೆಲವರಿಗೆ ಹೆರಿಗೆಯಾಗದೆಯೂ ಬರುತ್ತದೆ. ಭಾರ ಎತ್ತುವ ಕೆಲಸವೂ ಸೇರುತ್ತದೆ. ಹದಿನೈದು ಲೀಟರಿನ ಬಿಂದಿಗೆ ಎಂದರೆ ಹದಿನೈದು ಕಿಲೋ, ತುಂಬಿದ ಗ್ಯಾಸ್ ಸಿಲಿಂಡರ್ ಸುಮಾರು 30 ಕಿಲೋ. ಬಾಣಂತನವನ್ನು ಹಳೆಯ ಕಟ್ಟುಪಾಡೆಂದು ನಗುವವರಿದ್ದಾರೆ. ಅದರ ಪಥ್ಯದ ಬಗ್ಗೆ ಎಷ್ಟು ಬೇಕಾದರೂ ಜಗಳವಾಡಬಹುದು, ಆದರೆ ಹೆರಿಗೆಯಾದವಳಿಗೆ ಕೆಲವು ವಾರ ಬಿಂದಿಗೆ ಎತ್ತಿಸದ ಪದ್ಧತಿಯಲ್ಲಿ ತಪ್ಪೇನೂ ಕಾಣುವುದಿಲ್ಲ. ಹೊಲದ ಕೂಲಿಗೆ ಹೋಗುವವಳಿಗೆ ಅಷ್ಟು ಬಾಣಂತನ ಸಿಗುವುದಿಲ್ಲ ಎಂಬುದೇ ತೊಂದರೆ.

ವ್ಯಾಯಾಮದಿಂದಲೇ ಸರಿಹೋಗುವುದಿಲ್ಲವೇ?

ಮೊದಲ ಎರಡು ಹಂತಗಳಲ್ಲಿ ಚೆನ್ನಾಗಿ ಉಪಯೋಗಕ್ಕೆ ಬರುತ್ತದೆ. ಅಮೆರಿಕದ ವೈದ್ಯ ಆರ್ನಾಲ್ಡ್ ಕೆಗೆಲ್ 1948ರಲ್ಲಿ ವಿವರಿಸಿದ್ದರಿಂದ ಇದಕ್ಕೆ ಕೆಗೆಲ್ ವ್ಯಾಯಾಮವೆಂದೇ ಹೆಸರು. ಗಾಳಿ ಹೊರಹೋಗದಂತೆ ತಡೆಯುವಾಗ ಯಾವ ಸ್ನಾಯುವನ್ನು ಬಿಗಿಹಿಡಿಯುತ್ತೀರೋ ಅದನ್ನು ಮೇಲಕ್ಕೆ ಎಳೆದು ಕೆಲವು ಸೆಕೆಂಡು ಹಿಡಿದು ಬಿಡಬೇಕು. ಹೊಟ್ಟೆ, ತೊಡೆ, ಪೃಷ್ಠ ಬಿಗಿಯಾಗಬಾರದು, ಉಸಿರು ಕಟ್ಟಬಾರದು. ಅನೇಕರು ಎಳೆಯುವ ಬದಲು ಕೆಳಕ್ಕೆ ಮುಕ್ಕುತ್ತಾರೆ, ಅದರಿಂದ ತೊಂದರೆ ಹೆಚ್ಚುತ್ತದೆ. ಫಿಸಿಯೋಥೆರಪಿಸ್ಟ್ ಒಬ್ಬರ ಬಳಿ ಒಮ್ಮೆ ಸರಿಯಾಗಿ ಕಲಿತು ಕನಿಷ್ಠ ಮೂರು ತಿಂಗಳು ಮಾಡಬೇಕು. ಪೂರ್ತಿ ಹೊರಬಂದಿರುವ ಗರ್ಭಕೋಶವನ್ನು ಯಾವ ವ್ಯಾಯಾಮವೂ ಒಳಗೆ ಕೂರಿಸುವುದಿಲ್ಲ.

ಆಪರೇಷನ್ ಬೇಡವೆಂದರೆ ಬೇರೆ ದಾರಿ?

ಪೆಸರಿ ಎಂಬ ಸಿಲಿಕೋನ್ ಉಂಗುರವಿದೆ. ಹೊರರೋಗಿ ವಿಭಾಗದಲ್ಲೇ ಅದನ್ನು ಮಡಿಸಿ ಒಳಗಿಡುತ್ತಾರೆ. ಅಲ್ಲಿ ಅದು ಬಿಚ್ಚಿಕೊಂಡು ಗೋಡೆಗಳಿಗೆ ಆನಿಸಿ ನಿಲ್ಲುತ್ತದೆ. ಅಳತೆ ಸರಿಯಿದ್ದರೆ ಒಳಗಿರುವುದೇ ತಿಳಿಯುವುದಿಲ್ಲ. ಹಾಕಿದ ಮೇಲೆ ಎದ್ದು ಓಡಾಡಿಸಿ, ಕೆಮ್ಮಿಸಿ, ಮೂತ್ರ ಮಾಡಿಸಿ ನೋಡಿಯೇ ಮನೆಗೆ ಕಳಿಸಬೇಕು. ಮೂರರಿಂದ ಆರು ತಿಂಗಳಿಗೊಮ್ಮೆ ತೆಗೆದು ತೊಳೆದು ಪರೀಕ್ಷಿಸುವುದು ಕಡ್ಡಾಯ. ಮರೆತು ವರ್ಷಗಟ್ಟಲೆ ಬಿಟ್ಟರೆ ಹುಣ್ಣಾಗುತ್ತದೆ. ಇನ್ನೂ ಮಕ್ಕಳು ಬೇಕೆನ್ನುವವರಿಗೆ, ಹೃದಯ ಅಥವಾ ಶ್ವಾಸಕೋಶದ ಕಾಯಿಲೆಯಿಂದ ಆಪರೇಷನ್ ಕಷ್ಟವಾಗಿರುವವರಿಗೆ, ಸುಗ್ಗಿ ಮುಗಿಯಲಿ ಆಮೇಲೆ ನೋಡೋಣ ಎನ್ನುವವರಿಗೂ ಇದು ಒಳ್ಳೆಯ ಆಯ್ಕೆ. ನಮ್ಮಲ್ಲಿ ಇದನ್ನು ರೋಗಿಗೆ ಹೇಳುವುದೇ ಕಡಿಮೆ. ಡಾಕ್ಟರ್ ಹೇಳದಿದ್ದರೆ ನೀವೇ ಕೇಳಿ.

ಗರ್ಭಕೋಶ ತೆಗೆಸಿಬಿಟ್ಟರೆ ಮುಗಿಯಿತಲ್ಲವೇ?

ಇಲ್ಲ. ಈ ಪುಟದಲ್ಲಿ ಒಂದೇ ಉತ್ತರ ಓದುವ ವ್ಯವಧಾನ ಇರುವವರು ಇದನ್ನು ಓದಲಿ. ಗರ್ಭಕೋಶ ಜಾರಿರುವುದು ಅದರ ತಪ್ಪಿನಿಂದಲ್ಲ, ಅದನ್ನು ಹಿಡಿದಿದ್ದ ಕಟ್ಟುಗಳು ಸಡಿಲವಾಗಿರುವುದರಿಂದ. ಅದನ್ನು ತೆಗೆದು, ಕಟ್ಟುಗಳನ್ನು ಹಾಗೆಯೇ ಬಿಟ್ಟರೆ ನಾಳೆ ಯೋನಿಯ ಮೇಲ್ತುದಿ ಅದೇ ದಾರಿಯಲ್ಲಿ ಇಳಿಯುತ್ತದೆ. ಹಾಗಾಗಿ ಗರ್ಭಕೋಶ ತೆಗೆದರೂ ಮೇಲ್ತುದಿಯನ್ನು ಗಟ್ಟಿಯಾದ ಅಂಟುಗಟ್ಟಿಗೆ ಬಿಗಿದು ನಿಲ್ಲಿಸುವುದು ಆಪರೇಷನ್ನಿನ ತಿರುಳಾಗಬೇಕು. ತೆಗೆಯದೆಯೂ ದುರಸ್ತಿ ಮಾಡಬಹುದು. ಗರ್ಭಕಂಠದ ಉದ್ದ ತಗ್ಗಿಸಿ ಕಟ್ಟುಗಳನ್ನು ಬಿಗಿಯುವ ಮ್ಯಾಂಚೆಸ್ಟರ್ ವಿಧಾನವಿದೆ. ಎಳೆಯ ವಯಸ್ಸಿನವರಿಗಾಗಿ ಗರ್ಭಕೋಶವನ್ನು ಪಟ್ಟಿಯಿಂದ ಮೇಲಕ್ಕೆ ಕಟ್ಟುವ ವಿಧಾನಗಳಿವೆ. ಇವುಗಳಲ್ಲಿ ಒಂದು, ಮುಂಬೈಯ ಸ್ತ್ರೀರೋಗ ತಜ್ಞ ವಿ. ಎನ್. ಶಿರೋಡ್ಕರ್ ಅವರ ಹೆಸರಿನದು. ಗರ್ಭಪಾತ ತಡೆಯಲು ಗರ್ಭಕಂಠಕ್ಕೆ ಹಾಕುವ ಹೊಲಿಗೆಗೂ ಜಗತ್ತಿನಾದ್ಯಂತ ಅವರದೇ ಹೆಸರಿದೆ.

ಬಿಳಿಸೆರಗು, ಹೊಟ್ಟೆನೋವು ಎಂದು ಹೋದವರಿಗೆ 'ತೆಗೆಸದಿದ್ದರೆ ಕ್ಯಾನ್ಸರ್ ಆಗುತ್ತದೆ' ಎಂದು ಹೆದರಿಸಿ ಗರ್ಭಕೋಶ ತೆಗೆದ ಕಥೆಗಳು ನಮ್ಮ ರಾಜ್ಯಕ್ಕೆ ಹೊಸತಲ್ಲ. ಕಲಬುರಗಿ ಜಿಲ್ಲೆಯ ತಾಂಡಾಗಳ ಲಂಬಾಣಿ ಹೆಂಗಸರಿಗೆ ಹೀಗಾದದ್ದು ಕಳೆದ ದಶಕದಲ್ಲಿ ಬಯಲಾಗಿ, ಅವರು ಬೀದಿಗಿಳಿದು ಹೋರಾಡಬೇಕಾಯಿತು. ಅನಗತ್ಯವಾಗಿ ಗರ್ಭಕೋಶ ತೆಗೆಯುವುದನ್ನು ತಡೆಯುವ ಕೇಂದ್ರದ ಮಾರ್ಗಸೂಚಿಗಳನ್ನು ಮೂರು ತಿಂಗಳೊಳಗೆ ಜಾರಿಗೊಳಿಸುವಂತೆ ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ ರಾಜ್ಯಗಳಿಗೆ ಹೇಳಿತು. ನಲವತ್ತು ದಾಟದವರಿಗೆ ಯಾರಾದರೂ 'ತೆಗೆಸಿಬಿಡಿ' ಎಂದರೆ, ಎರಡನೇ ವೈದ್ಯರ ಅಭಿಪ್ರಾಯ ಪಡೆಯದೆ ಸಹಿ ಹಾಕಬೇಡಿ.

ಆಪರೇಷನ್ ದಿನ ಏನಾಗುತ್ತದೆ?

ಸಾಮಾನ್ಯವಾಗಿ ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಸೊಂಟದ ಕೆಳಗೆ ಮರಗಟ್ಟಿಸುತ್ತಾರೆ. ಹೊಟ್ಟೆ ಕೊಯ್ಯದೆ, ಯೋನಿಯ ಮೂಲಕವೇ ಕೆಲಸ ನಡೆಯುತ್ತದೆ. ಮುಂಭಾಗದ ಗೋಡೆಯನ್ನು ಉದ್ದಕ್ಕೆ ಬಿಡಿಸಿ, ಮೂತ್ರಕೋಶವನ್ನು ಮೇಲೆ ತಳ್ಳಿ, ನಡುವಿನ ಅಂಗಾಂಶವನ್ನು ಮಡಿಸಿ ಹೊಲಿದು, ಗೋಡೆಯನ್ನು ಮುಚ್ಚುತ್ತಾರೆ. ಹಿಂಭಾಗಕ್ಕೂ ಇದೇ ಕ್ರಮ. ಹೊಲಿಗೆಗಳು ತಾವೇ ಕರಗುತ್ತವೆ. ಮೇಲ್ತುದಿ ತುಂಬ ಇಳಿದಿದ್ದರೆ ಅದನ್ನು ಶ್ರೋಣಿಯ ಒಳಗಿನ ಗಟ್ಟಿ ಅಂಟುಗಟ್ಟಿಗೆ ಬಿಗಿಯುತ್ತಾರೆ, ಇಲ್ಲವೇ ಲ್ಯಾಪರೋಸ್ಕೋಪಿಯಲ್ಲಿ, ಎಂದರೆ ಹೊಟ್ಟೆಯ ಸಣ್ಣ ರಂಧ್ರಗಳ ಮೂಲಕ, ಬೆನ್ನುಮೂಳೆಯ ತುದಿಯ ತ್ರಿಕಾಸ್ಥಿಗೆ ಕಟ್ಟುತ್ತಾರೆ.

ಆಪರೇಷನ್ ಮುಗಿದ ಮೇಲೆ ಎರಡು ವಸ್ತುಗಳು ಗಾಬರಿ ಹುಟ್ಟಿಸಬಹುದು. ಒಂದು, ಮಂಚದ ಅಂಚಿಗೆ ತೂಗುಹಾಕಿದ ಮೂತ್ರದ ಚೀಲ. ಇನ್ನೊಂದು, ರಕ್ತ ನಿಲ್ಲಲೆಂದು ಯೋನಿಯೊಳಗೆ ತುರುಕಿರುವ ಗಾಜ್ ಬಟ್ಟೆ. ಮಾರನೆಯ ಬೆಳಿಗ್ಗೆ ನರ್ಸ್ ಅದರ ತುದಿ ಹಿಡಿದು ನಿಧಾನವಾಗಿ ಎಳೆಯುತ್ತಾರೆ. ನಸುಗೆಂಪಿನ ಒದ್ದೆ ಪಟ್ಟಿ ಮುಗಿಯುವುದೇ ಇಲ್ಲವೇನೋ ಎಂಬಂತೆ ಮೊಳಗಟ್ಟಲೆ ಬರುತ್ತದೆ. ಮೊದಲೇ ತಿಳಿದಿದ್ದರೆ ಕಿರುಚುವ ಹಾಗಾಗುವುದಿಲ್ಲ. ಮೂತ್ರದ ಚೀಲಕ್ಕೆ ಜೋಡಿಸಿದ ನಳಿಗೆ, ಎಂದರೆ ಕ್ಯಾತಿಟರ್, ಒಂದೆರಡು ದಿನದಲ್ಲಿ ಹೋಗುತ್ತದೆ. ಅದಾದ ಮೇಲೆ ಮೂತ್ರ ತಾನಾಗಿ ಪೂರ್ತಿ ಖಾಲಿಯಾಗುತ್ತದೆಯೇ ಎಂದು ನೋಡಿಯೇ ಮನೆಗೆ ಬಿಡುತ್ತಾರೆ.

ಮೆಶ್ ಹಾಕಿದರೆ ಅಪಾಯವೇ?

ಯಾವ ದಾರಿಯಿಂದ ಹಾಕುತ್ತಾರೆ ಎಂಬುದರ ಮೇಲೆ ನಿಂತಿದೆ. ಜಾರಿದ ಗೋಡೆಯನ್ನು ಹಿಡಿದಿಡಲು ಯೋನಿಯ ಮೂಲಕ ಮೆಶ್ ಎಂಬ ಪ್ಲಾಸ್ಟಿಕ್ ಬಲೆ ಹಾಕುವುದು ಈ ಶತಮಾನದ ಆರಂಭದಲ್ಲಿ ಭಾರಿ ಚಾಲ್ತಿಗೆ ಬಂತು. ಬಲೆ ಗೋಡೆಯನ್ನು ಕೊರೆದು ಹೊರಬರುವುದು, ಬಿಡದ ನೋವು, ಸೋಂಕು ಎಂಬ ದೂರುಗಳು ಸಾವಿರಗಟ್ಟಲೆ ಬಂದವು. ಬ್ರಿಟನ್ 2018ರಲ್ಲಿ ಅದನ್ನು ತಡೆಹಿಡಿಯಿತು. ಅಮೆರಿಕದ ಔಷಧ, ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ 2019ರ ಏಪ್ರಿಲ್‌ನಲ್ಲಿ ಈ ಉದ್ದೇಶದ ಬಲೆಗಳ ಮಾರಾಟವನ್ನೇ ನಿಲ್ಲಿಸಿತು. ಹೊಟ್ಟೆಯ ಮೂಲಕ, ತ್ರಿಕಾಸ್ಥಿಗೆ ಕಟ್ಟಲು ಬಳಸುವ ಬಲೆಗೆ ಆ ನಿಷೇಧ ಅನ್ವಯಿಸಲಿಲ್ಲ, ಅದು ಇಂದಿಗೂ ಬಳಕೆಯಲ್ಲಿದೆ. ಸಹಿ ಹಾಕುವ ಮೊದಲು 'ಬಲೆ ಹಾಕುತ್ತೀರಾ? ಎಲ್ಲಿಂದ?' ಎಂದು ಕೇಳಿ.

ಮನೆಗೆಲಸ ಯಾವಾಗ ಶುರು ಮಾಡಬಹುದು?

ಆಸ್ಪತ್ರೆಯಲ್ಲಿ ಎರಡರಿಂದ ಐದು ದಿನ. ಮನೆಗೆ ಬಂದ ಮೇಲೆ ಓಡಾಟ ಒಳ್ಳೆಯದು, ಮಲಗಿಯೇ ಇರಬಾರದು. ಆದರೆ ಆರು ವಾರ ಬಿಂದಿಗೆ, ಬಟ್ಟೆಯ ಬಕೆಟ್, ಮೊಮ್ಮಗು ಯಾವುದನ್ನೂ ಎತ್ತುವಂತಿಲ್ಲ. ಆರು ವಾರ ಸಂಭೋಗವೂ ಬೇಡ. ಮುಕ್ಕುವುದು ಹೊಲಿಗೆಗೆ ಶತ್ರು. ಇಸಬ್ಗೋಲ್, ನೀರು, ಸೊಪ್ಪು, ಹಣ್ಣು ಬಿಡಬೇಡಿ. ಕೆಲವು ವಾರ ಕುರ್ಚಿಯಂಥ ಕಮೋಡ್ ಸಿಕ್ಕರೆ ಅನುಕೂಲ. ಸ್ವಲ್ಪ ಕಂದು ಸ್ರಾವ, ಹೊಲಿಗೆಯ ದಾರದ ತುಂಡು ಬರುವುದು ಸಹಜ. ಜ್ವರ, ದುರ್ವಾಸನೆ, ಬಟ್ಟೆ ನೆನೆಯುವಷ್ಟು ರಕ್ತ, ಮೂತ್ರ ಕಟ್ಟುವುದು, ಕಾಲಿನ ಮೀನಖಂಡ ಊದಿ ನೋಯುವುದು ಇವುಗಳಲ್ಲಿ ಒಂದು ಕಂಡರೂ ಅದೇ ದಿನ ಆಸ್ಪತ್ರೆಗೆ ಹೋಗಿ.

ಇಷ್ಟೆಲ್ಲ ಬರೆದರೂ ನಿಜವಾದ ಪ್ರಶ್ನೆ, ಆ ಆರು ವಾರ ನೀರು ಯಾರು ತರುತ್ತಾರೆ ಎಂಬುದು. ಆಪರೇಷನ್ ದಿನಾಂಕಕ್ಕೆ ಮೊದಲೇ ಮನೆಯಲ್ಲಿ ಅದು ತೀರ್ಮಾನವಾಗಲಿ.

ಮತ್ತೆ ಜಾರುತ್ತದೆಯೇ?

ಜಾರಬಹುದು. ಅಮೆರಿಕದ ಒರೆಗಾನ್‌ನಲ್ಲಿ ನಡೆದು 1997ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಜಾರುವಿಕೆ ಅಥವಾ ಮೂತ್ರ ಸೋರಿಕೆಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಲ್ಲಿ ಶೇ 29ರಷ್ಟು ಮಂದಿಗೆ ಅದು ಮೊದಲನೆಯದಾಗಿರಲಿಲ್ಲ. ವಿಧಾನಗಳು ಆಮೇಲೆ ಸುಧಾರಿಸಿವೆ, ಆದರೂ 'ನೂರಕ್ಕೆ ನೂರು ಗ್ಯಾರಂಟಿ' ಎನ್ನುವವರನ್ನು ನಂಬಬೇಡಿ. ಜಾರಿದ್ದು ಮೇಲೆ ಹೋದ ಮೇಲೆ, ಅದುವರೆಗೆ ಮಡಚಿಕೊಂಡಿದ್ದ ಮೂತ್ರನಾಳ ನೇರವಾಗಿ, ಹೊಸದಾಗಿ ಮೂತ್ರ ಸೋರಲು ಶುರುವಾಗುವುದೂ ಉಂಟು.

ನಮ್ಮ ಅಜ್ಜಿಗೆ ಎಂಬತ್ತು. ಈ ವಯಸ್ಸಿನಲ್ಲಿ ಆಪರೇಷನ್ ತಾಳಿಕೊಳ್ಳುತ್ತಾರೆಯೇ?

ವಯಸ್ಸೊಂದೇ ಅಡ್ಡಿಯಲ್ಲ. ಪೆಸರಿ ನಿಲ್ಲದ, ಇನ್ನು ಸಂಭೋಗ ಬೇಡವೆನ್ನುವ ವೃದ್ಧೆಯರಿಗೆ ಯೋನಿಯ ಮುಂಗೋಡೆ ಹಿಂಗೋಡೆಗಳನ್ನು ಒಂದಕ್ಕೊಂದು ಹೊಲಿದು ಮುಚ್ಚುವ ಚಿಕ್ಕ ಶಸ್ತ್ರಚಿಕಿತ್ಸೆಯಿದೆ. ಬೇಗ ಮುಗಿಯುತ್ತದೆ, ಮತ್ತೆ ಜಾರುವುದು ಬಹಳ ಕಡಿಮೆ. ಆದರೆ ಒಪ್ಪಿಗೆ ಅಜ್ಜಿಯದೇ ಆಗಿರಬೇಕು. 'ಈ ವಯಸ್ಸಿನಲ್ಲಿ ಅದೆಲ್ಲ ಯಾಕೆ' ಎಂದು ಮಗ ನಿರ್ಧರಿಸುವ ವಿಷಯ ಇದಲ್ಲ.

ಆಮೇಲೆ ದಾಂಪತ್ಯ?

ಗುಣವಾದ ಮೇಲೆ ಹೆಚ್ಚಿನವರಿಗೆ ಮೊದಲಿಗಿಂತ ಸುಲಭವಾಗುತ್ತದೆ. ಹಿಂಗೋಡೆಯನ್ನು ಅತಿಯಾಗಿ ಬಿಗಿದರೆ ನೋವಾಗಬಹುದು. ನೀವು ಲೈಂಗಿಕ ಸಂಬಂಧದಲ್ಲಿದ್ದೀರಿ ಎಂಬುದನ್ನು ಸರ್ಜನ್‌ಗೆ ಮೊದಲೇ ಹೇಳಿ. ಹೇಳಲು ನಾಚಿಕೆಯಾದರೆ ಚೀಟಿಯಲ್ಲಿ ಬರೆದುಕೊಡಿ.

ಹೆರಿಗೆಯಾದಾಗಿನಿಂದ ಮೂತ್ರ ಸದಾ ಸೋರುತ್ತಿದೆ. ಇದೂ ಜಾರುವಿಕೆಯೇ?

ಕೆಮ್ಮಿದಾಗ ಮಾತ್ರವಲ್ಲದೆ ಹಗಲು ರಾತ್ರಿ ತೊಟ್ಟಿಕ್ಕುತ್ತಿದ್ದರೆ ಅದು ಫಿಸ್ಟುಲಾ ಇರಬಹುದು, ಎಂದರೆ ಮೂತ್ರಕೋಶಕ್ಕೂ ಯೋನಿಗೂ ನಡುವೆ ಆದ ರಂಧ್ರ. ಹೆರಿಗೆ ದಿನಗಟ್ಟಲೆ ಸಿಕ್ಕಿಕೊಂಡು, ಮಗುವಿನ ತಲೆ ಒತ್ತಿ, ರಕ್ತ ಹರಿಯದೆ ಅಂಗಾಂಶ ಸತ್ತು ಅದು ಉಂಟಾಗುತ್ತದೆ. ಆಸ್ಪತ್ರೆ ಹೆರಿಗೆ ಹೆಚ್ಚಿದ ಕಡೆ ಇದು ಕಡಿಮೆಯಾಗಿದೆ. ಈಗ ಗರ್ಭಕೋಶ ತೆಗೆಯುವಾಗ ಆದ ಗಾಯದಿಂದಲೂ ಬರುತ್ತದೆ. ತೀರ ಸಣ್ಣದಿದ್ದು ಬೇಗ ಪತ್ತೆಯಾದರೆ ಕ್ಯಾತಿಟರ್ ಇಟ್ಟೇ ಮುಚ್ಚಿಕೊಳ್ಳಬಹುದು. ಉಳಿದವರಿಗೆ ಶಸ್ತ್ರಚಿಕಿತ್ಸೆ ಬೇಕು. ಮೊದಲ ಪ್ರಯತ್ನದಲ್ಲೇ ಮುಚ್ಚುವ ಅವಕಾಶ ಹೆಚ್ಚಿರುವುದರಿಂದ ಅನುಭವಿ ಸರ್ಜನ್‌ ಬಳಿಗೇ ಹೋಗಬೇಕು.

ಈ ಶಸ್ತ್ರಚಿಕಿತ್ಸೆಯ ಚರಿತ್ರೆಯಲ್ಲಿ ಒಂದು ಕಳಂಕವಿದೆ. ಅಮೆರಿಕದ ಅಲಬಾಮಾದಲ್ಲಿ 1840ರ ದಶಕದಲ್ಲಿ ಸರ್ಜನ್ ಜೆ. ಮರಿಯನ್ ಸಿಮ್ಸ್ ಇದನ್ನು ರೂಪಿಸಿದ್ದು ಗುಲಾಮಗಿರಿಯಲ್ಲಿದ್ದ ಕಪ್ಪು ಹೆಂಗಸರ ಮೈಮೇಲೆ, ಅರಿವಳಿಕೆಯಿಲ್ಲದೆ. ಅನಾರ್ಕಾ, ಬೆಟ್ಸಿ, ಲೂಸಿ ಎಂಬ ಮೂವರ ಹೆಸರು ಉಳಿದಿವೆ. ಅನಾರ್ಕಾಳಿಗೆ ಸುಮಾರು ಮೂವತ್ತು ಸಲ ಕತ್ತರಿ ಬಿತ್ತು. ನ್ಯೂಯಾರ್ಕ್‌ನ ಸೆಂಟ್ರಲ್ ಪಾರ್ಕ್‌ನಲ್ಲಿದ್ದ ಸಿಮ್ಸ್ ಪ್ರತಿಮೆಯನ್ನು 2018ರಲ್ಲಿ ಕಿತ್ತರು. ಇದಕ್ಕೆ ತದ್ವಿರುದ್ಧವಾದ ಉದಾಹರಣೆ ಇಥಿಯೋಪಿಯಾದ್ದು. ಕ್ಯಾಥರೀನ್ ಮತ್ತು ರೆಜಿನಾಲ್ಡ್ ಹ್ಯಾಮ್ಲಿನ್ ದಂಪತಿ ಆಡಿಸ್ ಅಬಾಬಾದಲ್ಲಿ ಫಿಸ್ಟುಲಾ ರೋಗಿಗಳಿಗೆಂದೇ 1974ರಲ್ಲಿ ಆಸ್ಪತ್ರೆ ತೆರೆದು, ಸಾವಿರಾರು ಮಂದಿಗೆ ಉಚಿತ ಚಿಕಿತ್ಸೆ ಕೊಟ್ಟರು.

ಮಗಳಿಗೆ ಹದಿನೇಳಾದರೂ ಮುಟ್ಟಾಗಿಲ್ಲ. ಯೋನಿಯೇ ಬೆಳೆದಿಲ್ಲ ಎನ್ನುತ್ತಿದ್ದಾರೆ.

ಮೊದಲು ಸರಿಯಾದ ತಪಾಸಣೆಯಾಗಲಿ. ತಿಂಗಳಿಗೊಮ್ಮೆ ಹೊಟ್ಟೆನೋವು ಬರುತ್ತಿದ್ದರೆ ಮುಟ್ಟಿನ ರಕ್ತ ಒಳಗೇ ಕಟ್ಟಿಕೊಂಡಿರಬಹುದು. ಅಡ್ಡವಾಗಿರುವುದು ಬರೀ ಪೊರೆಯಾದರೆ ಚಿಕ್ಕ ಆಪರೇಷನ್ನಿನಿಂದ ಮುಗಿಯುತ್ತದೆ. ನೋವೇ ಇಲ್ಲದೆ, ಎದೆ ಬೆಳೆದಿದ್ದು ಮುಟ್ಟು ಮಾತ್ರ ಬಂದಿಲ್ಲವೆಂದರೆ ಎಂಆರ್‌ಕೆಎಚ್ ಎಂಬ ಸ್ಥಿತಿಯಿರಬಹುದು. ಸುಮಾರು ಐದು ಸಾವಿರ ಹೆಣ್ಣುಮಕ್ಕಳಲ್ಲಿ ಒಬ್ಬರಿಗೆ ಗರ್ಭಕೋಶ ಮತ್ತು ಯೋನಿಯ ಮೇಲ್ಭಾಗ ರೂಪುಗೊಂಡಿರುವುದಿಲ್ಲ. ಅಂಡಾಶಯಗಳು ಸರಿಯಿರುತ್ತವೆ. ಮೂತ್ರಪಿಂಡ ಒಂದೇ ಇರುವುದೂ ಉಂಟು, ಹಾಗಾಗಿ ಅದರ ಸ್ಕ್ಯಾನ್ ಆಗಬೇಕು. ಬೇರೆ ಸ್ಥಿತಿಗಳಿಂದ ಪ್ರತ್ಯೇಕಿಸಲು ವರ್ಣತಂತುಗಳ ಪರೀಕ್ಷೆಯೂ ಬೇಕು.

ಮೊದಲ ಚಿಕಿತ್ಸೆ ಕತ್ತರಿಯಲ್ಲ. ಡೈಲೇಟರ್ ಎಂಬ ನಯವಾದ ಕಡ್ಡಿಗಳಿಂದ, ತಾನೇ ದಿನವೂ ಸ್ವಲ್ಪ ಸ್ವಲ್ಪ ಒತ್ತಿ, ತಿಂಗಳುಗಳಲ್ಲಿ ಯೋನಿಯ ಉದ್ದ ಹೆಚ್ಚಿಸಿಕೊಳ್ಳಬಹುದು. ಶ್ರದ್ಧೆಯಿಂದ ಮಾಡಿದವರಲ್ಲಿ ಹತ್ತಕ್ಕೆ ಒಂಬತ್ತು ಮಂದಿಗೆ ಇದೇ ಸಾಕಾಗುತ್ತದೆ. ಆಗದಿದ್ದರೆ ಚರ್ಮದ ಕಸಿಯಿಂದ, ಹೊಟ್ಟೆಯೊಳಗಿನ ಪೊರೆಯಿಂದ ಅಥವಾ ಕರುಳಿನ ತುಂಡಿನಿಂದ ಯೋನಿ ಕಟ್ಟುವ ವಿಧಾನಗಳಿವೆ. ಕಟ್ಟಿದ ಮೇಲೂ ಅದು ಕುಗ್ಗದಂತೆ ಡೈಲೇಟರ್ ಬೇಕಾಗುತ್ತದೆ. ಹೀಗಾಗಿ ಅವಳಿಗೆ ಮನಸ್ಸು ಬಂದಾಗ ಮಾಡಬೇಕೇ ಹೊರತು ಮದುವೆಯ ಮುಹೂರ್ತಕ್ಕೆ ಹೊಂದಿಸಿಕೊಂಡು ಅಲ್ಲ. ಮಗುವಿನ ಬಾಗಿಲು ಪೂರ್ತಿ ಮುಚ್ಚಿಲ್ಲ. 2021ರ ಬಾಡಿಗೆ ತಾಯ್ತನ ನಿಯಂತ್ರಣ ಕಾಯ್ದೆಯಡಿ ಗರ್ಭಕೋಶವಿಲ್ಲದವರಿಗೆ ಅವಕಾಶವಿದೆ. ಪುಣೆಯಲ್ಲಿ 2017ರಲ್ಲಿ ದೇಶದ ಮೊದಲ ಗರ್ಭಕೋಶ ಕಸಿ ನಡೆದು, ಮರುವರ್ಷ ಅಂಥ ತಾಯಿಗೆ ಮಗುವೂ ಆಯಿತು.

ಇನ್ನಾರು ಮಾಡಿಸಿಕೊಳ್ಳುತ್ತಾರೆ?

ಹೆರಿಗೆಯಲ್ಲಿ ಮಲದ್ವಾರದ ಸ್ನಾಯುವಿನವರೆಗೆ ಹರಿದು, ಗಾಳಿ ಅಥವಾ ಮಲ ತಡೆಯಲಾಗದವರು. ಕ್ಯಾನ್ಸರ್‌ಗಾಗಿ ಯೋನಿಯ ಭಾಗ ತೆಗೆದವರು. ಅವರಿಗೆ ತೊಡೆಯ ಅಥವಾ ಹೊಟ್ಟೆಯ ಸ್ನಾಯುವನ್ನು ತಿರುಗಿಸಿ ತಂದು ಹೊಸ ಗೋಡೆ ಮಾಡುತ್ತಾರೆ. ಹೆಣ್ಣಾಗಿ ಬದುಕುವ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳಲ್ಲಿ ಕೆಲವರು, ಎಲ್ಲರೂ ಅಲ್ಲ. ಅವರಿಗೂ ಡೈಲೇಟರ್ ಬಳಕೆ ದೀರ್ಘಕಾಲದ್ದು. ಈ ಆಪರೇಷನ್ನನ್ನು ಅಗ್ಗವಾಗಿ, ಕದ್ದುಮುಚ್ಚಿ ಮಾಡಿಸಿಕೊಂಡು ಮೂತ್ರನಾಳ ಕೆಡಿಸಿಕೊಳ್ಳಬಾರದು.

ಲೇಸರ್‌ನಿಂದ ಬಿಗಿ ಮಾಡುವುದು, ಕನ್ಯಾಪೊರೆ ಹೊಲಿಯುವುದು?

ಯೋನಿಯನ್ನು 'ಹೊಸದಾಗಿಸುವ' ಲೇಸರ್‌ಗಳಿಂದ ಸುಟ್ಟಗಾಯ, ನೋವು ಆಗುತ್ತಿದೆ ಎಂದು ಎಫ್‌ಡಿಎ 2018ರಲ್ಲೇ ಎಚ್ಚರಿಸಿದೆ. ಕನ್ಯಾಪೊರೆಯಿಂದ ಕನ್ಯತ್ವ ಹೇಳಲು ಯಾರಿಗೂ ಬರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಅಂಥ ಪರೀಕ್ಷೆಗಳನ್ನೇ ನಿಲ್ಲಿಸಲು ಹೇಳಿದೆ. ಅತ್ಯಾಚಾರ ಪ್ರಕರಣಗಳಲ್ಲಿನ ಎರಡು ಬೆರಳಿನ ಪರೀಕ್ಷೆ ನಡೆಸುವುದು ದುರ್ನಡತೆ ಎಂದು ನಮ್ಮ ಸುಪ್ರೀಂ ಕೋರ್ಟ್ 2022ರಲ್ಲಿ ಸ್ಪಷ್ಟವಾಗಿ ಹೇಳಿತು. ಹಣ ಉಳಿಸಿ.

ಖರ್ಚು ಎಷ್ಟಾಗುತ್ತದೆ?

ಜಿಲ್ಲಾಸ್ಪತ್ರೆ ಮತ್ತು ಸರ್ಕಾರಿ ವೈದ್ಯಕೀಯ ಕಾಲೇಜುಗಳಲ್ಲಿ ಜಾರುವಿಕೆಯ ಶಸ್ತ್ರಚಿಕಿತ್ಸೆ ನಿತ್ಯದ ಕೆಲಸ. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಸೌಲಭ್ಯವಿದೆ, ಎಪಿಎಲ್‌ನವರಿಗೆ ಸರ್ಕಾರ ನಿಗದಿಪಡಿಸಿದ ಪ್ಯಾಕೇಜ್ ದರದ ಶೇ 30. ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ. ಅಲ್ಲಿ ಆಗದಿದ್ದರೆ ರೆಫರಲ್ ಪತ್ರ ಪಡೆದು ಮುಂದಿನ ಆಸ್ಪತ್ರೆ ನೋಡಬೇಕು. ನೇರವಾಗಿ ಖಾಸಗಿಗೆ ಹೋಗಿ ಆಮೇಲೆ ಕಾರ್ಡ್ ತೋರಿಸಿದರೆ ಹೆಚ್ಚಾಗಿ ಕೆಲಸವಾಗುವುದಿಲ್ಲ.

ಮೊದಲ ಭೇಟಿಗೆ ಏನು ತೆಗೆದುಕೊಂಡು ಹೋಗಲಿ?

ಹಳೆಯ ಹೆರಿಗೆ ಮತ್ತು ಆಪರೇಷನ್‌ಗಳ ಡಿಸ್ಚಾರ್ಜ್ ಚೀಟಿಗಳು, ನುಂಗುತ್ತಿರುವ ಮಾತ್ರೆಗಳ ಪಟ್ಟಿ, ರೇಷನ್ ಕಾರ್ಡ್ ಮತ್ತು ಆಧಾರ್. ಬೆಳಗಿನ ಹೊತ್ತು ಮಲಗಿದಾಗ ಜಾರಿದ್ದು ಕಾಣದಿದ್ದರೆ, 'ಸಂಜೆ ಹೊರಬರುತ್ತದೆ, ನಿಂತಿರುವಾಗ ಪರೀಕ್ಷೆ ಮಾಡಿ' ಎಂದು ಹೇಳಿ.